ತಮ್ಮನ ನಿದ್ದೆಗಾಗಿ ಗುಮ್ಮಳಾಪುರಕ್ಕೆ

ರಂಗೂನಿನ ಮೇಲೆ ಬಾಂಬು ಬಿದ್ದ ಮರುವರ್ಷ, ಕಾರ್ತಿಕ ಮಾಸದಲ್ಲಿ ನಾನು ನನ್ನ ತಮ್ಮ ನಂಜುಂಡನನ್ನು ಕರೆದುಕೊಂಡು ಬೆಂಗಳೂರಿನಿಂದ ಗುಮ್ಮಳಾಪುರಕ್ಕೆ ಹೊರಟೆ. ಕಲಾಸಿಪಾಳ್ಯದಲ್ಲಿ ಹೊಸೂರಿನ ಬಸ್ಸು ಬೆಳಗ್ಗೆಯೇ ಹೊಗೆಯಾಡುತ್ತ ನಿಂತಿತ್ತು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಕಟ್ಟಿದ್ದ ಇದ್ದಿಲಿನ ಒಲೆಯನ್ನು ಕ್ಲೀನರು ಗಾಳಿ ಹಾಕಿ ಹೊತ್ತಿಸುತ್ತಿದ್ದ. ಒಳಗೆ ಕೂತವರೆಲ್ಲ ಕಣ್ಣುಜ್ಜಿಕೊಳ್ಳುತ್ತಿದ್ದರು. ನಂಜುಂಡನ ಕಣ್ಣುಗಳಿಗೆ ಹೊಗೆ ಬೇಕಿರಲಿಲ್ಲ. ತಿಂಗಳುಗಳಿಂದ ಅವು ಕೆಂಪಗೇ ಇದ್ದವು.

ಅವನು ರಂಗೂನಿನ ಒಂದು ಮರದ ಮಂಡಿಯಲ್ಲಿ ಗುಮಾಸ್ತನಾಗಿದ್ದ. ಜಪಾನಿನವರು ಬಂದಾಗ ಸಾವಿರಾರು ಜನರ ಜೊತೆ ಕಾಡುಗಳನ್ನು ಹಾದು ಅಸ್ಸಾಮಿನವರೆಗೆ ನಡೆದು ಬಂದ. ಜೊತೆಗೆ ಅದೇ ಮಂಡಿಯ ಗೆಳೆಯ, ಕೃಷ್ಣಗಿರಿ ಕಡೆಯ ಚಿನ್ನಸ್ವಾಮಿ ಇದ್ದ. ಒಬ್ಬ ಮಲಗಿದರೆ ಇನ್ನೊಬ್ಬ ಕಾಯುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಕೊನೆಕೊನೆಗೆ ಚಿನ್ನಸ್ವಾಮಿಗೆ ಜ್ವರ ಬಂತು. ಕಾಯಬೇಕಾದ ಹೊತ್ತಿನಲ್ಲಿ ನಂಜುಂಡ ನಿದ್ದೆ ಹೋದ. ಎದ್ದು ನೋಡಿದಾಗ ಗೆಳೆಯನ ಮೈ ತಣ್ಣಗಾಗಿತ್ತು. ಇಷ್ಟನ್ನು ಅವನು ಒಂದೇ ಒಂದು ಸಲ ಹೇಳಿದ್ದ.

ನಮ್ಮ ಮನೆಗೆ ಬಂದ ಮೇಲೆ ಅವನು ಮಲಗಿದ್ದನ್ನು ನಾನು ನೋಡಲಿಲ್ಲ. ಗಸಗಸೆ ಪಾಯಸ ಮಾಡಿ ಕೊಟ್ಟೆ, ಜಾಯಿಕಾಯಿ ತೇದು ಹಣೆಗೆ ಹಚ್ಚಿದೆ, ತಾಯಿತ ಕಟ್ಟಿಸಿದೆ. ಡಾಕ್ಟರು ಕೊಟ್ಟ ಔಷಧದಿಂದ ಒಮ್ಮೆ ಕಣ್ಣು ಮುಚ್ಚಿ, ಕೂಗಿಕೊಂಡು ಎದ್ದು, ಸೀಸೆಯನ್ನು ಬೀದಿಗೆ ಎಸೆದ. ಒಂದು ಮಧ್ಯಾಹ್ನ ನನ್ನ ಕೊನೆಯ ಮಗುವಿನ ಪಕ್ಕದಲ್ಲಿ ನನಗೆ ಜೊಂಪು ಹತ್ತಿತ್ತು. ಕಣ್ಣು ಬಿಟ್ಟರೆ ನಂಜುಂಡನ ಬೆರಳು ನನ್ನ ಮೂಗಿನ ಕೆಳಗಿತ್ತು. ಉಸಿರು ಇದೆಯೋ ಇಲ್ಲವೋ ಎಂದು ನೋಡುತ್ತಿದ್ದ. ನನ್ನದಾದ ಮೇಲೆ ಮಗುವಿನ ಮೂಗಿನ ಹತ್ತಿರ ಕೈ ಒಯ್ದ. ಅವತ್ತಿನಿಂದ ನಾನು ಕೋಣೆಗೆ ಅಗುಳಿ ಹಾಕಿ ಮಲಗತೊಡಗಿದೆ. ಒಡಹುಟ್ಟಿದವನಿಗೆ ಹೆದರಿ ಬಾಗಿಲು ಮುಚ್ಚುವ ಸ್ಥಿತಿ ಬಂದಾಗ ನಮ್ಮ ಯಜಮಾನರು, “ನಿಮ್ಮ ಸೋದರಮಾವನ ಊರಿಗೆ ಕರ್ಕೊಂಡು ಹೋಗು, ಅಲ್ಲಿ ತಂಪಾದ್ರೂ ಇದೆ,” ಎಂದರು.

ಅತ್ತಿಬೆಲೆ ದಾಟಿದ ಮೇಲೆ ಏರಿನಲ್ಲಿ ಬಸ್ಸು ನಿಂತುಬಿಟ್ಟಿತು. ಇದ್ದಿಲು ತುಂಬಲು ಎಲ್ಲರನ್ನೂ ಇಳಿಸಿದರು. ರಸ್ತೆ ಬದಿಯ ಹುಣಸೆ ಮರದಡಿಯಲ್ಲಿ ಒಬ್ಬ ಕೂಲಿಯವನು ಮುಖಕ್ಕೆ ಟವೆಲು ಮುಚ್ಚಿ ಮಲಗಿದ್ದ. ನಾನು ನೀರಿನ ಚೊಂಬು ತೆಗೆಯುವಷ್ಟರಲ್ಲಿ ನಂಜುಂಡ ಅಲ್ಲಿಗೆ ಹೋಗಿ, ಟವೆಲು ಕಿತ್ತೆಸೆದು, ಅವನ ಎರಡೂ ಭುಜ ಹಿಡಿದು ಅಲ್ಲಾಡಿಸುತ್ತಿದ್ದ.

“ಏಳು, ಏಳು. ಎಲ್ಲ ಹೊರಟುಹೋಗ್ತಾ ಇದಾರೆ.”

ಆ ಮನುಷ್ಯ ಗಾಬರಿಯಿಂದೆದ್ದು ತಲೆದೆಸೆಯಲ್ಲಿದ್ದ ಮಚ್ಚಿಗೆ ಕೈ ಹಾಕಿದ. “ಯಾರ್ರಾ ನೀ?” ಎಂದ ತಮಿಳಿನಲ್ಲಿ. ನಾನು ಓಡಿಹೋಗಿ ಇಬ್ಬರ ನಡುವೆ ನಿಂತೆ. ಮೈಯಲ್ಲಿ ಹುಷಾರಿಲ್ಲ, ಬಿಟ್ಟುಬಿಡಪ್ಪ ಎಂದು ಕೈ ಮುಗಿದೆ. ಮಚ್ಚು ಕೆಳಗಿಳಿಯಿತು. ಆದರೆ ಕಂಡಕ್ಟರು, “ಇಂಥವ್ರನ್ನ ಹತ್ತಿಸ್ಕಳಾಕಾಗಲ್ಲ ಕಣಮ್ಮ. ಹೆಂಗಸ್ರು ಮಕ್ಳು ಅವ್ರೆ,” ಅಂದ. ಬಯಲಿನಲ್ಲಿ ಇವನ ಜೊತೆ ಒಬ್ಬಳೇ ಉಳಿಯುವುದನ್ನು ನೆನೆದು, ಅವನನ್ನು ನಾನು ಹಿಡಿದುಕೊಂಡೇ ಇರ್ತೀನಿ ಎಂದು ಬೇಡಿಕೊಂಡೆ. ಕೊನೆಗೆ ಅವನನ್ನು ಹಿಂದಿನ ಸೀಟಿನಲ್ಲಿ ಕಂಡಕ್ಟರಿಗೂ ನನಗೂ ನಡುವೆ ಕೂರಿಸಿಕೊಂಡೆವು. ಹೊಸೂರು ಬರುವವರೆಗೂ ನಾನು ಅವನ ಮಣಿಕಟ್ಟು ಬಿಡಲಿಲ್ಲ.

ಹೊಸೂರಿನಲ್ಲಿ ಇಡ್ಲಿ ತಿಂದು ತಳಿಗೆ ಹೋಗುವ ಮಧ್ಯಾಹ್ನದ ಬಸ್ಸು ಹಿಡಿದೆವು. ಮತ್ತಿಗಿರಿ ಕಳೆದ ಮೇಲೆ ಗಾಳಿ ತಣ್ಣಗಾಯಿತು. ರಸ್ತೆಯ ಎರಡೂ ಕಡೆ ರಾಗಿ ತೆನೆ ಬಾಗಿ ನಿಂತಿತ್ತು. ತಳಿಯಲ್ಲಿ ಸೋದರಮಾವ ಮುನಿಯಪ್ಪ ಗಾಡಿ ಕಟ್ಟಿಕೊಂಡು ಕಾದಿದ್ದರು. ನಂಜುಂಡನನ್ನು ಒಂದು ಗಳಿಗೆ ದಿಟ್ಟಿಸಿ ಎತ್ತುಗಳನ್ನು ಹೊಡೆದರು. ಕಾಡಿನ ಅಂಚಿಗೆ ಬಂದಾಗ ನನ್ನ ಕಡೆ ತಿರುಗಿ, “ಸಾಕಮ್ಮಾ, ಆನೆ ಇಳ್ದವೆ. ರಾಗಿ ಕಟಾವಾಗೋಗಂಟ ಊರ್ನಾಗೆ ಯಾರಿಗೂ ನಿದ್ದೆ ಇಲ್ಲ,” ಎಂದರು. ನಾನು ಎಂಥ ಜಾಗಕ್ಕೆ ಇವನನ್ನು ಕರೆತಂದೆ ಎಂದುಕೊಂಡೆ.

ಆ ರಾತ್ರಿ ಅತ್ತೆ ಅವನ ಅಂಗಾಲಿಗೆ ಹರಳೆಣ್ಣೆ ಹಚ್ಚಿ ಕಂಚಿನ ಬಟ್ಟಲಿನಿಂದ ಉಜ್ಜಿದರು. ಅವನು ತೊಲೆ ನೋಡುತ್ತಲೇ ಇದ್ದ. ಮಾರನೆಯ ಸಂಜೆ ಮಾವ ಕಂಬಳಿ ಹೆಗಲಿಗೆ ಹಾಕಿಕೊಂಡು, “ಬಾರ್ಲಾ, ಹೊಲ ಕಾಯಾಕೆ ಹೋಗನ,” ಎಂದರು. ನಾನು ಅಡ್ಡ ಬಂದೆ. ಹೊಲದ ಎತ್ತರದ ಕಾವಲು ಅಟ್ಟಣೆಯಿಂದ ಹಾರಿದರೆ? ಕಾಡಿಗೆ ನಡೆದುಬಿಟ್ಟರೆ?

“ಹೆಂಗೂ ಎದ್ದೇ ಇರ್ತಾನೆ. ನಂಗೊಂದು ಜೊತೆ ಆಯ್ತದೆ, ಬುಡು,” ಎಂದು ಮಾವ ಹೊರಟೇಬಿಟ್ಟರು.

ಹೊಲದ ಕಡೆಯಿಂದ ತಗಡು ಬಡಿಯುವ ಸದ್ದು, ಕೂಗು ಕೇಳುತ್ತಿತ್ತು. ಆಮೇಲೆ ಎಲ್ಲ ನಿಂತುಹೋಯಿತು. ಸದ್ದಿಗಿಂತ ಆ ಮೌನಕ್ಕೇ ನಾನು ಹೆಚ್ಚು ಹೆದರಿದೆ. ಬೆಳಕು ಹರಿಯುತ್ತಲೇ ಇಬ್ಬನಿಯಲ್ಲಿ ಸೀರೆ ತೋಯಿಸಿಕೊಂಡು ಹೊಲಕ್ಕೆ ಓಡಿದೆ. ಅಟ್ಟಣೆಯ ಏಣಿ ಹತ್ತಿ ನೋಡಿದರೆ ನಂಜುಂಡ ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು, ಮುಖ ಬೂದಿಯಂತಿತ್ತು. ಸತ್ತೇಹೋದ ಎಂದುಕೊಂಡೆ. ಚೀರಲು ಬಾಯಿ ತೆರೆದೆ.

“ಸದ್ದು ಮಾಡ್ಬ್ಯಾಡ,” ಎಂದರು ಮಾವ ಮೆಲ್ಲಗೆ. ಅವರು ಪಕ್ಕದಲ್ಲಿ ಕೂತಿದ್ದರು. ಅವರ ಬಲಗೈ ನಂಜುಂಡನ ಎರಡೂ ಕೈಗಳೊಳಗಿತ್ತು. ಕಂಬಳಿ ಏರಿ ಇಳಿಯುವುದು ಆಗ ನನಗೆ ಕಂಡಿತು.

ಸರದಿಯಂತೆ ಕಾಯೋಣ ಎಂದು ಮಾವ ಹೇಳಿದ್ದರಂತೆ. ತನ್ನ ಸರದಿ ಮುಗಿದರೂ ನಂಜುಂಡ ಮಲಗಲಿಲ್ಲ. “ನೀನು ನಿದ್ದೆ ಹೋದ್ರೆ?” ಎಂದು ಕೇಳಿದನಂತೆ.

“ನನ್ ಕೈ ಹಿಡ್ಕಂಡು ಮನಿಕ್ಕಳ್ಲಾ ಅಂದೆ. ನಾನು ತೂಕಡಿಸಿದ್ರೆ ಕೈ ಸಡ್ಲ ಆಯ್ತದೆ, ನಿಂಗೇ ತಿಳೀತದೆ ಅಂದೆ. ಆವಾಗಿಂದ ಹಿಂಗೇ ಕುಂತಿವ್ನಿ. ಕೈ ಜೋಮು ಹಿಡ್ದದೆ.”

ಬಿಸಿಲೇರಿದ ಮೇಲೆ ಅವನು ಥಟ್ಟನೆ ಎದ್ದು ಕೂತು ನಮ್ಮಿಬ್ಬರನ್ನೂ ನೋಡಿದ. “ಎಲ್ರೂ ಇದ್ದೀರಾ?” ಎಂದ.

“ಅವ್ರೆ ಕಣ್ಲಾ. ಎಲ್ರೂ ಅವ್ರೆ,” ಎಂದರು ಮಾವ.

ಮರುದಿನ ಅವನು ಮತ್ತೆ ಮಲಗಲಿಲ್ಲ. ಅದರ ಮರುದಿನ ಸ್ವಲ್ಪ ಮಲಗಿದ. ಮಾವನ ಕೈ ಸಿಕ್ಕಿದರೆ ನಿದ್ದೆ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದಿದ್ದ ನಾನು ಇನ್ನು ಉಳಿಯುವಂತಿರಲಿಲ್ಲ. ನಂಜುಂಡನನ್ನು ಮಾವನ ಹತ್ತಿರವೇ ಬಿಟ್ಟು ಹೊರಟೆ. ನನ್ನನ್ನು ಕಳಿಸಲು ತಳಿಯವರೆಗೆ ಇಬ್ಬರೂ ಗಾಡಿಯಲ್ಲಿ ಬಂದರು.

ನಾನು ಬಸ್ಸು ಹತ್ತುವಾಗ ನಂಜುಂಡ ಹೇಳಿದ: “ಕುಯ್ಲು ಮುಗಿದ ಮೇಲೆ ಕೃಷ್ಣಗಿರಿಗೆ ಹೋಗ್ಬೇಕು ಅಕ್ಕ. ಚಿನ್ನಸ್ವಾಮಿ ತಾಯಿಗೆ ಯಾರೂ ಹೇಳಿಲ್ಲ. ಅವ್ನು ಬತ್ತಾನೆ ಅಂತ ಕಾಯ್ತಿರ್ತಾಳೆ.”

ಆ ತಾಯಿಯ ಮುಂದೆ ಇವನು ನಿಲ್ಲುವುದನ್ನು ನೆನೆದು ನನಗೆ ಬಂದ ದಾರಿಯಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಭಯವಾಯಿತು. “ಒಬ್ಬನೇ ಹೋಗಬೇಡ. ಹೇಳಿ ಕಳಿಸು, ನಾನೂ ಬರ್ತೀನಿ,” ಎಂದೆ. ಅವನು ಆಗಲಿ ಎಂದು ತಲೆಯಾಡಿಸಿದ.

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ನೋಡಿದೆ. ಮಾವ ನೊಗ ಎತ್ತಿ ಹಿಡಿದಿದ್ದರು. ನಂಜುಂಡ ಎತ್ತುಗಳನ್ನು ಒಂದೊಂದಾಗಿ ನೊಗದಡಿಗೆ ತಂದು ನಿಲ್ಲಿಸುತ್ತಿದ್ದ.