ಬುಗ್ಗೆ ತೋಳಿನ ರವಿಕೆ

ಮಾನ್ಯ ಸಂಪಾದಕರ ಸನ್ನಿಧಾನಕ್ಕೆ ಹೊಳೆನರಸೀಪುರದ ಓದುಗಿತಿಯೊಬ್ಬಳ ವಿಜ್ಞಾಪನೆ. ಮೊದಲ ಬಾರಿಗೆ ಬರೆಯುತ್ತಿರುವುದರಿಂದ ಅಕ್ಷರ, ಕಾಗುಣಿತಗಳು ಕೆಟ್ಟಿದ್ದರೆ ಮನ್ನಿಸಬೇಕು.

ಕಳೆದ ವಾರ ಚನ್ನರಾಯಪಟ್ಟಣದ ಹೆಂಗಸೊಬ್ಬರು ಬಟ್ಟೆ ಹಿಡಿದು ನಮ್ಮ ಮನೆಗೆ ಬಂದರು. ಹಳೆಯ ಮಾಸಪತ್ರಿಕೆಗಳ ಚಿತ್ರ ನೋಡಿ ನಾನು ದಿನಬಳಕೆಯ ರವಿಕೆ ಹೊಲಿಯುವ ಸಂಗತಿಯನ್ನು ಯಾರೋ ತಿಳಿಸಿದ್ದರಂತೆ. ಗೋಡೆಯ ಮೇಲಿನ ಚಿತ್ರವೊಂದನ್ನು ತೋರಿಸಿ, "ನನ್ ಮಗಳ್ಗೂ ಇಂಗೇ ಬುಗ್ಗೆ ತೋಳಿಟ್ಟು ಒಲ್ಕೊಡವ್ವ. ಗಂಡಿನೋರು ನೋಡಕ್ ಬತ್ತಾವ್ರೆ" ಎಂದರು.

ಅವರ ಗುರುತು ನನಗೆ ಆಗಲೇ ಸಿಕ್ಕಿತ್ತು. ಎರಡನೆಯ ಮಹಾಯುದ್ಧ ಆರಂಭವಾದ ವರ್ಷ ಅದೇ ಚಿತ್ರ ನೋಡಿ, ಅಮ್ಮನ ಹಳೆಯ ಸೀರೆಯಲ್ಲಿ ತಂಗಿಗೆ ರವಿಕೆ ಹೊಲಿದಿದ್ದೆ. ಆಗ ಶಾಂತಿಗ್ರಾಮದಲ್ಲಿದ್ದ ನಮ್ಮ ಮನೆಗೆ ಮಗನಿಗಾಗಿ ಹೆಣ್ಣು ನೋಡಲು ಬಂದ ಇವರೇ, "ನಾಟಕದೋರಂಗೆ ತೋಳಿಟ್ಕಂಡೋಳು ನಮಗ್ ಬ್ಯಾಡ" ಎಂದು ಉಪ್ಪಿಟ್ಟು ಮುಟ್ಟದೆ ಎದ್ದುಹೋಗಿದ್ದರು. ಆ ಮಾತು ಅರಕಲಗೂಡಿನವರೆಗೂ ಹಬ್ಬಿ, ತಂಗಿಗೆ ಬೇರೆ ಸಂಬಂಧ ಕೂಡಿಬರಲಿಲ್ಲ. ಈಗ ಅವರಿಗೋ ನಮ್ಮ ಗುರುತೇ ಹತ್ತಿರಲಿಲ್ಲ.

ತಂಗಿ ಒಳಗಿನಿಂದ ಆ ರವಿಕೆಯನ್ನೇ ತಂದು ಅವರ ಮುಂದಿಟ್ಟಳು. "ಅಳತೆ ಸರಿಯಾದ್ರೆ ಇದ್ನೇ ತಕ್ಕಂಡೋಗಿ. ನಾನು ಒಂದೇ ದಿನ ತೊಟ್ಟಿದ್ದು, ನಿಮ್ ಮುಂದೇನೇ."

ಅವರು ಅದನ್ನೂ ಮುಟ್ಟದೆ ಹೊರಟುಹೋದರು. ರವಿಕೆ ಇನ್ನೂ ಚಾಪೆಯ ಮೇಲೆಯೇ ಇದೆ. ಮಡಿಸಿಡಲು ನಮ್ಮಿಬ್ಬರಿಗೂ ಕೈ ಬಂದಿಲ್ಲ. ಬರವಣಿಗೆಯಲ್ಲಿ ತಪ್ಪು ಕಂಡರೆ ತಾವು ದಯಮಾಡಿ ತಿದ್ದಿಕೊಳ್ಳಬೇಕು.