ಅತ್ತೆ ನಂಬದ ಬಿಳಿ ಪುಡಿ

ಗಜೇಂದ್ರಗಡದ ನಮ್ಮ ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಕೂತೇ ನನಗೆ ವಯಸ್ಸಾಯಿತು. ನಲವತ್ತು ದಾಟಿದ ಮೇಲೆ ಸೀರೆಯ ಗಂಟು ಎತ್ತಲು ಆಗುತ್ತಿರಲಿಲ್ಲ. ನೆಲದಿಂದ ಏಳಬೇಕಾದರೆ ಕೈ ಊರಬೇಕಿತ್ತು. ರೋಣದ ಡಾಕ್ಟರರು ರಕ್ತಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಇನ್ನೇನು ಶುರುವಾಗುವುದರಲ್ಲಿದೆ, ಗುಳಿಗೆ ಈಗಲೇ ಬೇಡ, ಊಟ ಬದಲಿಸಿ, ಸ್ವಲ್ಪ ಭಾರ ಎತ್ತಿ ಎಂದರು. ಹಾಗಾಗಿ ರೊಟ್ಟಿ, ಅನ್ನ ಬಿಟ್ಟೆ. ಊರಲ್ಲಿ ಹೊಸದಾಗಿ ತೆರೆದಿದ್ದ ಜಿಮ್‌ಗೆ ಮಧ್ಯಾಹ್ನ, ಹೆಂಗಸರಿಗೆಂದೇ ಬಿಟ್ಟ ಹೊತ್ತಿನಲ್ಲಿ, ಹೋಗತೊಡಗಿದೆ.

ಅತ್ತೆಗೆ ಮೊದಲ ಅನುಮಾನ ಬಂದದ್ದು ನನ್ನ ತಾಟು ನೋಡಿ. ಮೆಂತ್ಯೆ ಪಲ್ಯ, ಪನೀರು, ಮೊಸರು, ಒಂದು ಹಿಡಿ ಶೇಂಗಾ, ಅಷ್ಟೇ.

"ಜ್ವಾಳದ ರೊಟ್ಟಿ ತಿಂದು ನಮ್ಮನ್ಯಾಗ ಯಾರ್ ಸತ್ತಾರ?"

"ಡಾಕ್ಟರ್ ಹೇಳ್ಯಾರ್ರಿ ಅತ್ತಿ."

"ಡಾಕ್ಟರ್ ತಮ್ಮನ್ಯಾಗ ಏನ್ ತಿಂತಾರಂತ ಯಾರ್ ಹೋಗಿ ನೋಡ್ಯಾರ?"

ಮೊದಲ ವಾರ ತಲೆನೋವು, ಕಾಲಲ್ಲಿ ಸೆಳೆತ. ಅತ್ತೆ ನನ್ನ ಮುಖವನ್ನೇ ನೋಡಿದರು. ಜಿಮ್ಮಿನಲ್ಲಿ ಕಲಿಸುವ ನರಗುಂದದ ಹುಡುಗಿ, ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ ಎಂದಳು. ಅದರಿಂದ ಸರಿಹೋಯಿತು. ಕೆಲವು ದಿನಗಳ ನಂತರ ಆಕೆಯೇ ಒಂದು ಡಬ್ಬಿ ತಂದು ಕೈಗಿಟ್ಟಳು. ಕ್ರಿಯಾಟಿನ್ ಅಂತೆ, ಭಾರ ಎತ್ತುವವರಿಗೆ ತಾಕತ್ತು ಕೊಡುವ ಪುಡಿಯಂತೆ. ಮುಚ್ಚಳದ ಮೇಲಿನ ಚೀಟಿ ಒಮ್ಮೆ ಕಿತ್ತು ಮತ್ತೆ ಅಂಟಿಸಿದಂತೆ ಕಂಡಿತು. ಇದರಲ್ಲಿ ಇವಳಿಗೇನೋ ಸಿಗುತ್ತಿರಬೇಕು ಅನ್ನಿಸಿತು. ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದು ವಾಪಸು ಕೊಟ್ಟೆ. ಡಾಕ್ಟರರನ್ನು ಕೇಳಿದಾಗ, ಸಣ್ಣ ಚಮಚ ಸಾಕು, ನೀರು ಹೆಚ್ಚು ಕುಡಿಯಿರಿ ಎಂದರು. ಮದುವೆಗೆಂದು ನರಗುಂದಕ್ಕೆ ಹೋಗಿದ್ದ ಯಜಮಾನರು ಅಲ್ಲಿನ ಔಷಧಿ ಅಂಗಡಿಯಿಂದ ಬೇರೆ ಡಬ್ಬಿ ತಂದರು. ನಾಲಿಗೆಗೆ ಹಚ್ಚಿ ನೋಡಿದೆ. ವಾಸನೆಯಿಲ್ಲ, ರುಚಿಯಿಲ್ಲ. ಇದೂ ಖರೆ ಮಾಲು ಹೌದೋ ಅಲ್ಲವೋ ಎಂದುಕೊಂಡೇ ಶುರು ಮಾಡಿದೆ.

ಒಂದು ದಿನ ಮನೆಯಿಂದ ಆ ಹುಡುಗಿಗೆ ಫೋನ್ ಮಾಡಿ, ಇದು ನಮಗೆ ಯಾಕೆ ಬೇಕು ಎಂದು ಕೇಳಿದೆ. ಕೈಯಲ್ಲಿ ಸೊಪ್ಪು ಸೋಸುತ್ತಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದೆ.

"ಅಕ್ಕಾರ, ಇದು ಮಾಂಸದಾಗ ಇರ್ತೈತ್ರಿ. ತಿನ್ನದವ್ರಿಗೆ ಕಮ್ಮಿ ಬೀಳ್ತೈತಿ," ಎಂದಳು ಆಕೆ.

ಅತ್ತೆ ಕೇಳಿಸಿಕೊಂಡರು. ಅವರು ಕೊರಳಲ್ಲಿ ಲಿಂಗ ಕಟ್ಟಿದವರು, ಕಿರಾಣಿ ಅಂಗಡಿಯಲ್ಲಿ ತತ್ತಿ ಇಟ್ಟ ಕಪಾಟನ್ನೂ ಮುಟ್ಟದವರು. ಇದು ಕಾರ್ಖಾನೆಯಲ್ಲಿ ಮಾಡಿದ್ದು, ಇದರಲ್ಲಿ ಮಾಂಸವಿಲ್ಲ ಎಂದು ಡಬ್ಬಿಯ ಮೇಲಿನ ಹಸಿರು ಚುಕ್ಕಿ ತೋರಿಸಿದೆ.

"ಚುಕ್ಕಿ ಯಾರ್ ಬೇಕಾದ್ರೂ ಹಚ್ತಾರ. ಎಲುಬು ಅರದು ಮಾಡ್ಯಾರ ಅದನ್ನ. ಅಡಗಿಮನ್ಯಾಗ ಇಡಬ್ಯಾಡ."

ಡಬ್ಬಿ ಬಚ್ಚಲಿನ ಪಕ್ಕದ ಗೂಡಿಗೆ ಹೋಯಿತು.

ಅಲ್ಲಿಗೆ ಹೋದ ಮೇಲೆ ಪುಡಿ ಲೆಕ್ಕಕ್ಕಿಂತ ಬೇಗ ಇಳಿಯತೊಡಗಿತು. ಯಜಮಾನರನ್ನು ಕೇಳಿದರೆ, "ನನಗ್ಯಾಕ ಬೇಕ ಅದು?" ಎಂದರು. ಉಳಿದವರು ಅತ್ತೆ ಒಬ್ಬರೇ. ದಿನಾ ಸ್ವಲ್ಪ ಸ್ವಲ್ಪ ಬಚ್ಚಲಿಗೆ ಚೆಲ್ಲುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಮೋರಿಯ ಹತ್ತಿರ ಬಗ್ಗಿ ಬಿಳಿ ಗುರುತು ಹುಡುಕಿದೆ, ಸಿಗಲಿಲ್ಲ. ಪುಡಿಯನ್ನು ಚಮಚದ ಬೆನ್ನಿನಿಂದ ನುಣ್ಣಗೆ ಒತ್ತಿಟ್ಟೆ. ಮರುದಿನ ನೋಡಿದರೆ ಒಂದು ಕಡೆ ಕುಳಿ ಬಿದ್ದಿತ್ತು. ಮೈ ಉರಿಯಿತು. ಆದರೂ ಕೇಳಲಿಲ್ಲ. ಅವರು ನನ್ನ ತಾಟನ್ನು, ನಾನು ಅವರ ಕೈಯನ್ನು ಓರೆಗಣ್ಣಿನಿಂದ ನೋಡುತ್ತ ಒಂದೇ ಒಲೆಯ ಮುಂದೆ ದಿನ ಕಳೆದೆವು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಜಿಮ್ಮು ಬೇಗ ಮುಚ್ಚಿತು. ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ನನ್ನ ಡಬ್ಬಿ. ಮಜ್ಜಿಗೆಯ ವಾಟಗದಲ್ಲಿ ಚಮಚ ತಿರುಗಿಸುತ್ತಿದ್ದರು. ಲಿಂಗವನ್ನು ಸೆರಗಿನಿಂದ ಪೂರ್ತಿ ಮುಚ್ಚಿಕೊಂಡು, ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದರು. ಕಣ್ಣು ತೆರೆದಾಗ ನಾನು ಎದುರಿಗೆ ನಿಂತಿದ್ದೆ.

"ಏನ್ರಿ ಅತ್ತಿ ಇದು?"

ವಾಟಗವನ್ನು ಕೆಳಗಿಟ್ಟರು. "ಮದ್ಲ ನೀ ಕೈ ಊರಿ ಏಳ್ತಿದ್ದಿ. ಈಗ ಹಂಗ ಏಳ್ತಿ. ನಾ ನೋಡಿಲ್ಲೇನ?"

"ಮಾಂಸದ್ದು ಅಂತಿದ್ರಿ."

ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಕೆಳಗೆ ನೋಡುತ್ತ, "ಪೂಜಿಗೆ ನೆಲಕ್ಕ ಕುಂತ್ರ ಏಳಾಕ ಬರವಲ್ದು. ದಿನಾ ಮಗನ್ನ ಕರೀಬೇಕು. ಅಂವ ಅಂಗಡಿಗೆ ಹೋಗಿದ್ರ ಅಲ್ಲೇ ಕುಂದರಬೇಕು," ಎಂದರು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಪಕ್ಕದಲ್ಲೇ ಕೂತೆ.

"ಬರೇ ಪುಡಿ ಕುಡದ್ರ ಏನೂ ಆಗಂಗಿಲ್ರಿ. ಭಾರ ಎತ್ತಬೇಕು."

"ಅದನ್ನ ನೀ ಹೇಳಲಿಲ್ಲ," ಎಂದರು, ಬೇಕೆಂದೇ ಮುಚ್ಚಿಟ್ಟೆನೋ ಎಂಬಂತೆ.

ಈ ವಯಸ್ಸಿನಲ್ಲಿ ಏನಾದರೂ ಆದೀತೆಂದು ಹೆದರಿ ಮರುದಿನವೇ ರೋಣದ ಬಸ್ಸು ಹತ್ತಿಸಿದೆ. ರಕ್ತದಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಅಂಶ ಸ್ವಲ್ಪ ಏರಿತ್ತು. "ಈ ಪುಡಿಯಿಂದನೂ ಹಂಗ ಕಾಣ್ತೈತಿ. ಅಮ್ಮಾರ, ಸದ್ಯಕ್ಕ ಬಂದ್ ಮಾಡ್ರಿ, ಮತ್ತ ನೋಡೋಣು," ಎಂದರು ಡಾಕ್ಟರರು. ಕೆಲವು ವಾರ ಬಿಟ್ಟು ಮಾಡಿಸಿದ ಎರಡನೆಯ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಪುಡಿಯ ಬದಲು ಮೊಸರು, ಹೆಸರುಕಾಳು ಹೆಚ್ಚು ತಿನ್ನಿ, ದಿನಾ ಕುರ್ಚಿಯ ಮೇಲೆ ಕೂತು ಎದ್ದು ಮಾಡಿ ಎಂದರು. ಹೊರಗೆ ಬಂದ ಕೂಡಲೇ ಅತ್ತೆ ನನ್ನನ್ನು ದಿಟ್ಟಿಸಿದರು. "ನೀವಿಬ್ರೂ ಮದ್ಲ ಮಾತಾಡ್ಕೊಂಡೀರಿ."

ಆದರೂ ಮಾಡಿದರು. ಬೆಳಿಗ್ಗೆ, ಸಂಜೆ ಮಂಚದ ಅಂಚಿನಿಂದ ಏಳುವುದು, ಕೂಡುವುದು. ಆಮೇಲೆ ಸಣ್ಣ ನೀರಿನ ಬಾಟಲಿ ಹಿಡಿದು. ನಾನು ಹೇಳಿದ್ದು ಹೌದೋ ಅಲ್ಲವೋ ಎಂದು ಜಿಮ್ಮಿನ ಹುಡುಗಿಗೆ ತಾವೇ ಫೋನ್ ಹಚ್ಚಿಸಿ ಕೇಳಿದರು.

ಆ ಪುಡಿ ಮಾಂಸದ್ದಲ್ಲ ಎಂದು ಆಮೇಲೂ ಎಷ್ಟೋ ಸಲ ಹೇಳಿದ್ದೇನೆ. ಅವರು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಈಗ ಪೂಜೆ ಮುಗಿದ ಮೇಲೆ ಒಂದು ಕೈ ಊರಿ ತಾವೇ ಏಳುತ್ತಾರೆ. ನಾನು ಬಾಗಿಲಲ್ಲಿ ನಿಂತದ್ದು ಕಂಡರೆ, "ಏನ್ ನೋಡ್ತಿ, ಅಂಗಡಿಗೆ ಹೋಗು," ಅನ್ನುತ್ತಾರೆ.