ಉಣ್ಣೆ ಆಂಟಿ ತಂದ ಮಾತುಗಳು

ಕಳೆದ ವಾರ ನಮ್ಮ ಕ್ಲಿನಿಕ್ಕಿನ ಕುರ್ಚಿಯ ಮೇಲೆ ಯಾರೋ ಒಂದು ಕೌಲ್ ಮರೆತು ಹೋಗಿದ್ದರು. ಇಂದಿರಾನಗರದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ನಾನು ರಿಸೆಪ್ಷನಿಸ್ಟ್. ಕೊಡೆ, ನೀರಿನ ಬಾಟಲಿ, ಮಕ್ಕಳ ಚಪ್ಪಲಿ, ಹೀಗೆ ಮರೆತು ಹೋದದ್ದೆಲ್ಲ ನನ್ನ ಮೇಜಿನ ಡ್ರಾಯರಿಗೇ ಬರುತ್ತದೆ. ಕೌಲ್ ಅಂದರೆ ಮಫ್ಲರಿನ ಹಾಗೆ ಉದ್ದಕ್ಕಿರುವುದಲ್ಲ. ಬಳೆಯಂತೆ ಸುತ್ತಲೂ ಸೇರಿಕೊಂಡಿರುವುದು. ತಲೆಯ ಮೇಲಿಂದ ಇಳಿಸಿಕೊಂಡರೆ ಕುತ್ತಿಗೆ, ಕಿವಿ ಎರಡೂ ಬೆಚ್ಚಗಿರುತ್ತವೆ. ಎತ್ತಿಡುವಾಗ ಅದರ ವಾಸನೆ ಮೂಗಿಗೆ ಬಡಿಯಿತು. ಒಗೆದ ಕಂಬಳಿ ಇನ್ನೂ ಪೂರ್ತಿ ಒಣಗದಿದ್ದಾಗ ಬರುತ್ತದಲ್ಲ, ಅಂಥದ್ದು. ನಾಲ್ಕು ವರ್ಷದಿಂದ ನಾನು ಬೇಕೆಂದೇ ದೂರವಿಟ್ಟಿದ್ದ ವಾಸನೆ... ಡ್ರಾಯರ್ ಮುಚ್ಚಿದ ಮೇಲೂ ಅದು ಕೈಯಲ್ಲಿ ಉಳಿದಿತ್ತು.

ಆ ವಾಸನೆಯ ಅಂಗಡಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಒಂದು ಕಡೆ ಗುಂಡಿ, ಲೇಸು ಮಾರುವವರು, ಇನ್ನೊಂದು ಕಡೆ ಗಡಿಯಾರ ರಿಪೇರಿ. ನಡುವೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗದಲ್ಲಿ ಉಣ್ಣೆ ಆಂಟಿ. ಹೆಸರು ಬೋರ್ಡಿನಲ್ಲೂ ಇರಲಿಲ್ಲ, ನಾನೂ ಕೇಳಲಿಲ್ಲ. ಅರವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ಕಪ್ಪು ದಾರ ಕಟ್ಟಿಕೊಂಡಿದ್ದರು. ಗಿರಾಕಿ ಇಲ್ಲದಾಗ ಹೆಣೆಯುತ್ತಿದ್ದರು, ಇದ್ದಾಗಲೂ ಹೆಣೆಯುತ್ತಿದ್ದರು. ಮನೆಮಾತು ತಮಿಳು. ಪಕ್ಕದ ಅಂಗಡಿಯವರ ಜೊತೆ ದಖನಿ ಉರ್ದು, ನನ್ನಂಥವರ ಜೊತೆ ಕನ್ನಡ. ತಮಿಳರ ಅಕ್ಕರೆಯಲ್ಲಿ ಎಲ್ಲರನ್ನೂ ‘ಕಣ್ಣು’ ಅನ್ನುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಅಕ್ಕನಿಗಾಗಿ.

ನಮ್ಮದು ಕೆ.ಆರ್. ಪುರದ ಹತ್ತಿರದ ಹಳೆಯ ಊರು. ಅಜ್ಜನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮದೇ ನಾಲ್ಕು ಬಾಡಿಗೆ ಮನೆಗಳಿವೆ. ಅಕ್ಕ ಟೀಚರ್ ಆಗಿದ್ದ ಸ್ಕೂಲಿನಲ್ಲೇ ಪಾಠ ಮಾಡುತ್ತಿದ್ದ ಒಬ್ಬರನ್ನು, ಸರ್ವಜ್ಞನಗರದ ಕ್ರೈಸ್ತರ ಮನೆಯವರನ್ನು, ಮದುವೆಯಾದಳು. ಅಪ್ಪ ಆ ದಿನದಿಂದ ಅವಳ ಹೆಸರೆತ್ತಲಿಲ್ಲ. ಅಮ್ಮ ಮಾತ್ರ ಕದ್ದು ಫೋನ್ ಮಾಡುತ್ತಿದ್ದಳು, ನನ್ನ ಫೋನಿನಿಂದಲೇ.

ಅಮ್ಮ ಒಂದು ಬೆಳಗ್ಗೆ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟಳು. ಫೋನ್ ನನ್ನ ಕೈಯಲ್ಲೇ ಇತ್ತು. ಅಪ್ಪ ನೋಡಿದರು. “ಅವಳಿಗೆ ಈಗ ಹೇಳ್ಬೇಡ. ಎಲ್ಲಾ ಮುಗೀಲಿ” ಅಂದರು. ನಾನು ಆಗ ಇಪ್ಪತ್ತೇಳು ವರ್ಷದವಳು, ಚಿಕ್ಕ ಹುಡುಗಿಯೇನಲ್ಲ. ಆದರೂ ಫೋನ್ ಒಳಗಿಟ್ಟೆ. ಮಣ್ಣು ಮುಗಿಸಿ ಎಲ್ಲರೂ ಸ್ನಾನ ಮಾಡಿ ಕೂತ ಮೇಲೆ ಅಕ್ಕನಿಗೆ ತಿಳಿಸಿದೆ. ಮಾರನೆಯ ದಿನ ಅವಳು ಬಂದಳು, ಗೇಟಿನಿಂದ ಒಳಗೆ ಬರಲಿಲ್ಲ. ಅಪ್ಪನನ್ನು ನೋಡಲೂ ಇಲ್ಲ. ನನ್ನನ್ನೇ ಕೇಳಿದಳು, “ಒಂದ್ ಫೋನ್ ಮಾಡೋಕೆ ನಿಂಗೆ ಆಗ್ಲಿಲ್ವಾ?” ಉತ್ತರಕ್ಕೆ ಕಾಯದೆ ಹೊರಟುಹೋದಳು. ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದಳು.

ಒಂದು ವರ್ಷ ನಾನು ಏನೂ ಮಾಡಲಿಲ್ಲ. ಮುಂದಿನ ಚಳಿಗಾಲದಲ್ಲಿ ಒಂದು ಶನಿವಾರ ಶಿವಾಜಿನಗರಕ್ಕೆ ಹೋಗಿ, ಆ ಅಂಗಡಿಯಲ್ಲಿ ಒಳ್ಳೆಯ ಮಫ್ಲರ್ ಇದೆಯಾ ಎಂದು ಕೇಳಿದೆ. ಅಕ್ಕನಿಗೆ ಚಿಕ್ಕಂದಿನಿಂದ ಕಿವಿನೋವು. ಡಿಸೆಂಬರಿನ ಗಾಳಿಯಲ್ಲಿ ಸ್ಕೂಟರ್ ಓಡಿಸಿದರೆ ಎರಡು ದಿನ ಮಲಗುತ್ತಿದ್ದಳು. ಯಾರಿಗೆ ಎಂದು ಆಂಟಿ ಕೇಳಿದರು. ಬಸ್ಸಿನಲ್ಲಿ ಅಪರಿಚಿತರ ಹತ್ತಿರ ಹೇಳಿಕೊಳ್ಳುತ್ತಾರಲ್ಲ, ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕಡ್ಡಿ ಕೆಳಗಿಟ್ಟು ಕೇಳಿದರು.

“ತಪ್ಪಾಯ್ತು ಅನ್ನೋಕೆ ಕೊಂಡಿದ್ದು ಕೊಡ್ಬೇಡ ಕಣ್ಣು. ಕೈಯಲ್ಲಿ ಮಾಡಿ ಕೊಡು. ಬಾ, ಕೂತ್ಕೋ.”

ಕೂರಲು ಜಾಗವೇ ಇರಲಿಲ್ಲ. ಉಣ್ಣೆಯ ಮೂಟೆಯೊಂದನ್ನು ಹೊರಗೆಳೆದು ಅದರ ಮೇಲೆ ಕೂರಿಸಿದರು. ಆರು ಶನಿವಾರ ಅಲ್ಲಿ ಕೂತು ಕಲಿತೆ. ನನ್ನ ಕೈ ಬಿಗಿ, ಕುಣಿಕೆಗಳು ಕಡ್ಡಿಯ ಮೇಲೆ ಜರುಗುತ್ತಲೇ ಇರಲಿಲ್ಲ. “ಯಾಕಿಷ್ಟು ಹೆದ್ರಿಕೆ? ಓಡೋಗಲ್ಲ ಅದು, ಸ್ವಲ್ಪ ಬಿಡು” ಅನ್ನುತ್ತಿದ್ದರು. ತಪ್ಪಾದದ್ದನ್ನು ಬಿಚ್ಚಿಸುವಾಗ ಬಯ್ಯುತ್ತಿರಲಿಲ್ಲ, ತಾವೇ ಉಂಡೆ ಸುತ್ತಿಕೊಡುತ್ತಿದ್ದರು. ನಡುವೆ ಎದುರಿನ ಬೇಕರಿಯಿಂದ ಬನ್ ತರಿಸಿ ಅರ್ಧ ನನಗೆ. ಅಮ್ಮ ಹೋದ ಮೇಲೆ ನನ್ನ ಪಾಲಿನದು ಅಂತ ಮುರಿದುಕೊಟ್ಟವರು ಅವರೊಬ್ಬರೇ...

ಬೂದು ಬಣ್ಣದ ಕೌಲ್ ಮುಗಿಯಿತು. ಅದನ್ನು ಕೊಡುವುದು ಹೇಗೆ? ಅಕ್ಕನ ಬಾಗಿಲಿಗೆ ಹೋಗಲು ನನಗೆ ಧೈರ್ಯವಿರಲಿಲ್ಲ. ಆಂಟಿಯ ಮನೆಯೂ ಸರ್ವಜ್ಞನಗರದಲ್ಲೇ, ಅಕ್ಕನ ಮನೆಯಿಂದ ಎರಡು ಬೀದಿ ಆಚೆ. “ನಾನ್ ಕೊಡ್ತೀನಿ ಬಿಡು. ಮುದುಕಿ ಬಂದ್ರೆ ಯಾರಾದ್ರೂ ಬಾಗ್ಲು ತೆಗೀತಾರೆ” ಅಂದರು.

ಮುಂದಿನ ಶನಿವಾರ ಕ್ಲಿನಿಕ್ಕಿನಿಂದ ನೇರವಾಗಿ ಓಡಿದೆ. ಅಂಗಡಿಯ ಮುಂದೆ ನಿಂತು ಅವರ ಮುಖ ನೋಡಿದೆ. ಅವರು ಯಾರಿಗೋ ಉಣ್ಣೆ ತೂಗುತ್ತಿದ್ದರು. ತೂಗಿ ಮುಗಿಸಿ, ಕಟ್ಟಿಕೊಟ್ಟು, ದುಡ್ಡು ಎಣಿಸಿಕೊಂಡ ಮೇಲೆ ನನ್ನ ಕಡೆ ತಿರುಗಿದರು.

“ಹಾಕ್ಕೊಂಡ್ಲು. ಇವಳಿಗೆ ಇದೆಲ್ಲಾ ಯಾವಾಗ ಬಂತು ಅಂತ ನಕ್ಳು.”

“ಇನ್ನೇನಂದ್ಲು ಆಂಟಿ?”

“ಈಗ್ಲೇ ಬರೋದ್ ಬೇಡ ಅಂದ್ಳು. ಮನಸ್ಸು ತಣ್ಣಗಾಗ್ಲಿ, ನಾನೇ ಹೇಳ್ತೀನಿ ಅಂದ್ಳು.”

ಆ ದಿನ ಬಸ್ಸಿನಲ್ಲಿ ಕೆ.ಆರ್. ಪುರದವರೆಗೂ ಆ ನಗುವನ್ನೇ ನೆನೆದುಕೊಂಡು ಬಂದೆ. ಅಕ್ಕ ನಕ್ಕರೆ ಮೊದಲು ಮೂಗು ಸುಕ್ಕಾಗುತ್ತದೆ. ಅದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

ಶನಿವಾರಗಳು ಹಾಗೇ ಮುಂದುವರಿದವು. ಎರಡನೆಯ ಚಳಿಗಾಲದಲ್ಲಿ ಆಂಟಿ ಅಕ್ಕನ ಒಂದು ಬೇಡಿಕೆಯನ್ನೂ ತಂದರು. ಹೆಲ್ಮೆಟ್ ತೆಗೆದು ಹಾಕುವಾಗ ತಲೆ ಮೇಲಿಂದ ಇಳಿಸುವುದು ಕಷ್ಟವಂತೆ, ಪಕ್ಕಕ್ಕೆ ಗುಂಡಿ ಇಟ್ಟು ಮಾಡಬೇಕಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಪಕ್ಕದ ಅಂಗಡಿಯಲ್ಲಿ ಮರದ ಗುಂಡಿಗಾಗಿ ಒಂದು ಗಂಟೆ ಹುಡುಕಿದೆ. ಮೂರು ಗುಂಡಿಯ ನೀಲಿ ಕೌಲ್. ಅಕ್ಕನಿಗೆ ಮಗಳು ಹುಟ್ಟಿದ್ದಾಳೆ ಎಂದು ತಿಳಿದದ್ದೂ ಆಂಟಿಯಿಂದಲೇ. ಆ ಮಗುವಿಗೆ ಎರಡು ಕಿವಿಯ ಟೋಪಿ, ಹೆಬ್ಬೆರಳಿಲ್ಲದ ಪುಟ್ಟ ಕೈಗವಸು. ಒಂದೊಂದನ್ನು ಕೊಟ್ಟಾಗಲೂ ಆಂಟಿ ಒಂದು ಮಾತು ತರುತ್ತಿದ್ದರು. ಮಗು ಟೋಪಿ ಬಿಚ್ಚಲು ಬಿಡುವುದಿಲ್ಲವಂತೆ. ನೀಲಿ ಅಮ್ಮನ ಸೀರೆಯ ನೀಲಿಯ ಹಾಗೇ ಇದೆಯಂತೆ... ಅಮ್ಮನಿಗೆ ಅಂಥ ಸೀರೆ ಇದ್ದದ್ದನ್ನು ಆಂಟಿಗೆ ಹೇಳಿದವಳು ನಾನೇ ಎಂಬುದು ನನಗೆ ಹೊಳೆಯಲೇ ಇಲ್ಲ.

ಈ ಮಾತುಗಳನ್ನು ನಾನು ಮನೆಯಲ್ಲಿ ಅಪ್ಪನಿಗೆ ಕೇಳಿಸುವ ಹಾಗೆ ಹೇಳುತ್ತಿದ್ದೆ. ಮೊದಲ ವರ್ಷ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಎರಡನೆಯ ವರ್ಷ ಎದ್ದು ಹೋಗಲಿಲ್ಲ. ಮೂರನೆಯ ವರ್ಷ ಅವರಿಗೆ ಡಯಾಲಿಸಿಸ್ ಶುರುವಾಗಿತ್ತು. ಒಂದು ಸಂಜೆ ಅವರೇ ಕೇಳಿದರು, “ಈ ಸಲ ಏನಂದ್ಲಂತೆ?” ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಹೇಳಿದರು, “ಸಂಕ್ರಾಂತಿಗೆ ಕರ್ಕೊಂಡ್ ಬಾ.”

ಆಂಟಿಯನ್ನು ಕೇಳದೆ ಅಕ್ಕನ ಮನೆಗೆ ಹೊರಟದ್ದು ಅದಕ್ಕೇ. ಭಾನುವಾರ ಬೆಳಗ್ಗೆ, ಚರ್ಚಿನಿಂದ ಜನ ವಾಪಸಾಗುವ ಹೊತ್ತು. ಬಾಗಿಲು ತೆಗೆದದ್ದು ಅಕ್ಕನೇ. ದಪ್ಪಗಾಗಿದ್ದಳು. ನನ್ನನ್ನು ನೋಡಿ ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. “ಬಾ” ಅಂದಳು. ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ತೆಗೆದು ಕೂರಿಸಿ, ಕಾಫಿ ತಂದಳು. ಪಕ್ಕದಲ್ಲಿ ಬಿಸ್ಕೆಟ್ಟು, ನೆಂಟರಿಗೆ ಇಡುವ ಹಾಗೆ.

ನಾನು ಮಾತಿಗೆ ಹಾತೊರೆದು ಕೇಳಿದೆ, “ಗುಂಡಿ ಇಟ್ಟಿದ್ದು ಸರಿ ಹೋಯ್ತಾ ಅಕ್ಕ? ಹೆಲ್ಮೆಟ್‌ಗೆ ಅಡ್ಡ ಬರಲ್ಲ ತಾನೇ?”

“ಯಾವ ಗುಂಡಿ?”

“ಕೌಲ್‌ದು. ನೀಲೀದು. ನೀನೇ ಹೇಳ್ಕಳ್ಸಿದ್ಯಲ್ಲ.”

ಅವಳು ನನ್ನನ್ನೇ ನೋಡಿದಳು. ಸ್ಕೂಟರ್ ಮಾರಿ ಮೂರು ವರ್ಷವಾಯಿತು ಅಂದಳು. ನಾನು ಒಂದೊಂದನ್ನೇ ಹೇಳುತ್ತಾ ಹೋದೆ, ಟೋಪಿ, ಕೈಗವಸು, ಅಮ್ಮನ ಸೀರೆ. ಅವಳು ತಲೆ ಅಲ್ಲಾಡಿಸುತ್ತಾ ಹೋದಳು. ಕೊನೆಗೆ ಅವಳೇ ನೆನಪು ಮಾಡಿಕೊಂಡು ಹೇಳಿದಳು.

“ಒಂದ್ಸಲ ಒಬ್ರು ವಯಸ್ಸಾದವ್ರು ಕವರ್ ಹಿಡ್ಕೊಂಡ್ ಬಂದಿದ್ರು. ಮೂರ್ ವರ್ಷ ಆಯ್ತು. ವಾಪಸ್ ತಗೊಂಡ್ ಹೋಗಿ ಅಂದೆ. ಸಾಮಾನು ಕಳ್ಸೋದ್ ಬೇಡ, ಬರೋದಾದ್ರೆ ಅವಳೇ ಬರ್ಲಿ ಅಂತ ಹೇಳಿ ಅಂದೆ.” ಕಾಫಿ ಲೋಟ ಮುಟ್ಟಿ ನೋಡಿ, “ಆರೋಗಿದೆ, ಬಿಸಿ ಮಾಡ್ಲಾ?” ಅಂದಳು. ಆಮೇಲೆ ಲೋಟವನ್ನೇ ನೋಡುತ್ತಾ ಹೇಳಿದಳು, “ಆ ವರ್ಷ ಪೂರ್ತಿ ಕಾದೆ.”

ಅವಳೇ ಬರಲಿ, ಎಂದಿದ್ದಳು ಅಕ್ಕ. ಈಗಲೇ ಬರುವುದು ಬೇಡ, ಎಂದು ತಲುಪಿತ್ತು ನನಗೆ.

ಸೋಮವಾರ ರಜೆ ಹಾಕಿ ಶಿವಾಜಿನಗರಕ್ಕೆ ಹೋದೆ. ಶನಿವಾರವಲ್ಲದ ದಿನ ನನ್ನನ್ನು ನೋಡಿದ ಕೂಡಲೇ ಆಂಟಿಗೆ ಗೊತ್ತಾಯಿತೆಂದು ಕಾಣುತ್ತದೆ. ಹೆಣೆಯುತ್ತಿದ್ದುದನ್ನು ಮಡಿಲಿಗೆ ಇಳಿಸಿದರು. ನಾನು ಕೇಳುವ ಮೊದಲೇ ಎದ್ದು, ಅಟ್ಟದ ಮೇಲಿಂದ ಒಂದು ಬಟ್ಟೆ ಚೀಲ ಇಳಿಸಿ ಹಲಗೆಯ ಮೇಲಿಟ್ಟರು. ಬೂದು ಕೌಲ್, ನೀಲಿ ಕೌಲ್, ಟೋಪಿ, ಕೈಗವಸು... ಎಲ್ಲವನ್ನೂ ಬೇವಿನ ಸೊಪ್ಪು ಹಾಕಿ ಮಡಿಸಿಟ್ಟಿದ್ದರು. ಒಂದು ನುಸಿಯೂ ಮುಟ್ಟಿರಲಿಲ್ಲ.

“ಆ ದಿನ ಓಡಿ ಬಂದು ನಿಂತ್ಯಲ್ಲ ಕಣ್ಣು, ಆ ಮುಖ ನೋಡಿ ಬಾಯಿ ಬರ್ಲಿಲ್ಲ. ಒಂದೇ ಒಂದು ಸುಳ್ಳು ಹೇಳ್ದೆ. ಮುಂದಿನ್ ವಾರ ನಿಜ ಹೇಳೋಣ ಅಂದ್ಕೊಂಡೆ. ನೀನು ಇನ್ನೊಂದು ಶುರು ಮಾಡ್ಕೊಂಡ್ ಬಂದೆ.”

“ಅವಳು ನನ್ನ ಬಾ ಅಂದಿದ್ಲು ಆಂಟಿ.”

“ಕೋಪದಲ್ಲಿ ಅಂದ್ಳು ಅಂದ್ಕೊಂಡೆ.”

“ಗುಂಡಿ ಯಾಕೆ? ಗುಂಡಿ ಇಡು ಅಂತ ಯಾಕೆ ಹೇಳಿದ್ರಿ?”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಶನಿವಾರ ನೀ ಬರ್ತಿದ್ಯಲ್ಲ” ಅಂದರು. ಅಷ್ಟೇ.

ಅದನ್ನು ಕೇಳಿದ ಮೇಲೆ ನನ್ನೊಳಗೆ ಏನೋ ಕಲ್ಲಾಯಿತು. ಮರುಕದ ಸುಳ್ಳನ್ನು ಒಂದು ದಿನ ಕ್ಷಮಿಸುತ್ತಿದ್ದೆನೇನೋ. ಆದರೆ ಅಕ್ಕ ಅಲ್ಲಿ ಕಾದ ವರ್ಷದಲ್ಲಿ ನಾನು ಇಲ್ಲಿ ಮೂಟೆಯ ಮೇಲೆ ಕೂತು ಬನ್ ತಿನ್ನುತ್ತಿದ್ದೆ. “ನನ್ನ ಅಕ್ಕನ್ನ ನೀವು ಇಟ್ಕೊಂಡ್ಬಿಟ್ರಿ” ಎಂದು ಹೇಳಿ, ಚೀಲವನ್ನು ಅಲ್ಲೇ ಬಿಟ್ಟು ಬಂದೆ. ನಾನು ತಿರುಗಿ ನೋಡಲಿಲ್ಲ.

ಅಪ್ಪ ಕರೆದಿದ್ದಾರೆಂದು ಅಕ್ಕನಿಗೆ ಆ ಭಾನುವಾರವೇ ಹೇಳಿದ್ದೆ. ಸಂಕ್ರಾಂತಿಗೆ ಬಂದಳು, ಮಗಳನ್ನು ಕರೆದುಕೊಂಡು. ಅರ್ಧ ಗಂಟೆ ಇದ್ದಳು. ಅಪ್ಪ ಹಾಸಿಗೆಯಲ್ಲೇ ಮಗುವಿಗೆ ಎಳ್ಳುಬೆಲ್ಲ ಕೊಟ್ಟರು. ಅಪ್ಪನಿಗೆ ನಾನು ಏನೂ ಹೇಳಿರಲಿಲ್ಲ. ಅವರಿಗೆ ಮಾತಾಡಲು ಬೇರೇನೂ ತೋಚಲಿಲ್ಲವೇನೋ, “ಆ ಗುಂಡೀದು ಸರಿ ಹೋಯ್ತೇನಮ್ಮಾ?” ಎಂದು ಅಕ್ಕನನ್ನು ಕೇಳಿದರು. ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು.

“ಸರಿ ಹೋಯ್ತಪ್ಪ. ಬೆಚ್ಚಗಿದೆ” ಅಂದಳು.

ಅಪ್ಪ ಮಾರ್ಚಿನಲ್ಲಿ ತೀರಿಕೊಂಡರು. ಈ ಸಲ ಮೊದಲ ಫೋನ್ ಅಕ್ಕನಿಗೇ ಮಾಡಿದೆ. ಬಂದಳು, ಎಲ್ಲಕ್ಕೂ ನಿಂತಳು, ಹೋದಳು. ಈಗ ಹಬ್ಬಕ್ಕೆ ಮೆಸೇಜು ಮಾಡುತ್ತೇವೆ. ಅವಳು ನನ್ನ ಮೇಲೆ ಸಿಟ್ಟಾಗಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಒಮ್ಮೆ ಫೋನಿನಲ್ಲಿ “ನೀನೇ ಅಂದಿದ್ಯಲ್ಲಕ್ಕ, ಇವಳಿಗೆ ಇದೆಲ್ಲಾ ಯಾವಾಗ ಬಂತು ಅಂತ...” ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಅವಳು ನನ್ನ ಬಗ್ಗೆ ಆಡಿದಳೆಂದು ನನಗೆ ಬಾಯಿಪಾಠವಾಗಿರುವ ಒಳ್ಳೆಯ ಮಾತುಗಳೆಲ್ಲ ಆಂಟಿಯವು.

ಮೊನ್ನೆ ಶನಿವಾರ ಕಾಲು ತಾನಾಗಿಯೇ ಆ ಗಲ್ಲಿಗೆ ಕರೆದುಕೊಂಡು ಹೋಯಿತು. ಆ ಜಾಗದಲ್ಲಿ ಮೊಬೈಲ್ ಕವರ್ ತೂಗುಹಾಕಿದ್ದರು. ಗುಂಡಿ ಅಂಗಡಿಯವರು ನನ್ನನ್ನು ಗುರುತಿಸಲಿಲ್ಲ.

“ಆಂಟಿನಾ? ಹೋದ್ ವರ್ಷ ತೀರ್ಕೊಂಡ್ರಲ್ಲಾ. ನಿಮಗೆ ಏನಾಗ್ಬೇಕಿತ್ತು ಮೇಡಂ?”

“ಏನಿಲ್ಲ” ಅಂದೆ. “ಉಣ್ಣೆ ತಗೊಳ್ತಿದ್ದೆ.”

ಕ್ಷಮಿಸಲು ಹೋಗಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಆಗಿಲ್ಲ. ನನಗೆ ಒಂದು ವಿಷಯ ಕೇಳುವುದಿತ್ತು. ಸಿಟ್ಟಿನಲ್ಲಿ ಆ ದಿನ ಅದು ತೋಚಿರಲಿಲ್ಲ, ಅಕ್ಕನನ್ನು ಕೇಳಲು ನನಗೆ ಮುಖವಿಲ್ಲ. ಬರೋದಾದರೆ ಅವಳೇ ಬರಲಿ ಎಂದಾಗ ಅಕ್ಕ ಬಾಗಿಲು ಹಾಕಿಕೊಳ್ಳುತ್ತಾ ಅಂದಳೋ, ತೆರೆದಿಟ್ಟು ನಿಂತು ಅಂದಳೋ... ಅದನ್ನು ನೋಡಿದ್ದವರು ಅವರೊಬ್ಬರೇ.